ಕೇಳುವ ತನಕ ಸೂತಕವಿಲ್ಲ

ಸೂತಕದ ಲೆಕ್ಕವನ್ನು ನಮ್ಮಪ್ಪನಷ್ಟು ಕರಾರುವಾಕ್ಕಾಗಿ ಹೇಳುವವರು ಉತ್ತರಹಳ್ಳಿಯ ಸುತ್ತಮುತ್ತ ಇನ್ನೊಬ್ಬರಿರಲಿಲ್ಲ. ಅವರು ಊರಿನ ದೇವಸ್ಥಾನದ ಅರ್ಚಕರು. ಬೆಳಗಿನ ಪೂಜೆ ಮುಗಿಸಿ ಜಗಲಿಯ ಮೇಲೆ ಕೂತರೆಂದರೆ ಯಾರಾದರೊಬ್ಬರು ಬಂದು ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ದಾಯಾದಿಗಳಲ್ಲಿ ಒಬ್ಬರು ಹೋಗಿಬಿಟ್ಟರು, ನಮಗೆಷ್ಟು ದಿನ? ಹೆಂಡತಿಯ ಕಡೆಯವರು ತೀರಿಕೊಂಡರು, ನಮಗೆ ಬರೀ ಸ್ನಾನ ಸಾಕೇ? ಅಪ್ಪ ಕಣ್ಣು ಮುಚ್ಚಿ, ಸಂಬಂಧವನ್ನು ಬೆರಳಿನ ಗೆಣ್ಣಿನ ಮೇಲೆ ಎಣಿಸಿ ಉತ್ತರ ಕೊಡುತ್ತಿದ್ದರು. ಹತ್ತು ದಿನ, ಮೂರು ದಿನ, ಒಂದು ಸ್ನಾನ. ಸಾವಿಗೂ ಇಷ್ಟು ಅಚ್ಚುಕಟ್ಟಾದ ಲೆಕ್ಕವಿದೆಯಲ್ಲ ಎಂದು ಚಿಕ್ಕವಳಾಗಿದ್ದ ನನಗೆ ಒಂಥರಾ ಧೈರ್ಯ ಬರುತ್ತಿತ್ತು.

ಒಂದು ಸಲ ತಲಘಟ್ಟಪುರದಲ್ಲಿ ಒಂದು ಮದುವೆಗೆ ಅಪ್ಪನೇ ಪುರೋಹಿತರು. ನಾನೂ ಜೊತೆಗೆ ಹೋಗಿದ್ದೆ. ಇನ್ನೇನು ಮುಹೂರ್ತ ಹತ್ತಿರ ಬಂತು ಅನ್ನುವಾಗ ಬೇಲಿಯಾಚೆ ಒಬ್ಬ ಮನುಷ್ಯ ಬೆವರು ಒರೆಸಿಕೊಳ್ಳುತ್ತಾ ಬಂದು ನಿಂತ. ಅವನ ಮುಖ ನೋಡಿದ್ದೇ ಅಪ್ಪ ಹಸೆಮಣೆಯ ಹತ್ತಿರದಿಂದ ಎದ್ದುಹೋಗಿ, ಭುಜ ಹಿಡಿದು ಅವನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದರು. ಹುಡುಗಿಯ ಅಜ್ಜ ಪಕ್ಕದೂರಿನಲ್ಲಿ ತೀರಿಕೊಂಡಿದ್ದರು. ಅಪ್ಪ ಅವನ ಕೈಗೆ ಒಂದು ಲೋಟ ಪಾನಕ ಕೊಡಿಸಿ, ತಾಳಿ ಕಟ್ಟುವ ತನಕ ಬಾಯಿ ಬಿಡಬೇಡ ಎಂದು ಅಲ್ಲೇ ಕೂರಿಸಿ ಬಂದರು. ವಾಲಗ ಜೋರಾಯಿತು, ತಾಳಿ ಬಿತ್ತು, ಅಕ್ಷತೆ ಬಿತ್ತು. ಆಮೇಲೆ ಅಪ್ಪನೇ ಹೋಗಿ ಹುಡುಗಿಯ ತಂದೆಯ ಕಿವಿಯಲ್ಲಿ ಹೇಳಿದರು. ದಾರಿಯಲ್ಲಿ ಬರುತ್ತಾ, ಹೀಗೆ ಮುಚ್ಚಿಡುವುದು ತಪ್ಪಲ್ಲವೇ ಎಂದು ನಾನು ಕೇಳಿದೆ. "ಕೇಳೋ ತನಕ ಸೂತಕ ಇಲ್ಲ ಕಣಮ್ಮ. ಕಿವಿಗೆ ಬಿದ್ದ ಗಳಿಗೆಯಿಂದ ಲೆಕ್ಕ" ಅಂದರು. ನಮ್ಮಪ್ಪ ಎಂಥಾ ಬುದ್ಧಿವಂತರು ಎಂದು ಹಿಗ್ಗಿಹೋದೆ. ಆ ಮದುಮಗಳು ಆಮೇಲೆ ಎಷ್ಟು ಅತ್ತಳೋ ನಾನು ನೋಡಲಿಲ್ಲ. ನೋಡಬೇಕೆಂದು ಅನ್ನಿಸಲೂ ಇಲ್ಲ.

ಇಷ್ಟು ಮಡಿವಂತ ಮನುಷ್ಯ ಮಗಳನ್ನು ಬಿ.ಎ. ತನಕ ಓದಿಸಿದ್ದು ಊರಿನವರಿಗೆ ಬಗೆಹರಿಯದ ಸಂಗತಿ. ಬಸವನಗುಡಿಯ ಸೋದರಮಾವನ ಮನೆಯಲ್ಲಿ ನನ್ನನ್ನು ಬಿಟ್ಟು, ತಿಂಗಳಿಗೊಮ್ಮೆ ಅಕ್ಕಿ ರಾಗಿ ತಂದು ಇಳಿಸಿ ಹೋಗುತ್ತಿದ್ದರು. ಅಮ್ಮ ಇರಲಿಲ್ಲ, ನನಗೂ ತಮ್ಮನಿಗೂ ಅಪ್ಪ ಅಮ್ಮ ಎರಡೂ ಅವರೇ. ಅರ್ಚಕರ ಮಗಳು ಅಮಲ್ದಾರಳಾಗುತ್ತಾಳಂತೆ ಎಂದು ಊರಿನವರು ಕಿಚಾಯಿಸಿದರೆ, ಅದೆಲ್ಲ ಬೇಡಪ್ಪ, ನಾಲ್ಕು ಮಕ್ಕಳಿಗೆ ಪಾಠ ಹೇಳಿಕೊಟ್ಟರೆ ಸಾಕು ಅನ್ನುತ್ತಿದ್ದರಂತೆ. ಆದರೆ ಫಲಿತಾಂಶಕ್ಕಿಂತ ಮುಂಚೆ ಗಂಡು ಬಂತು. ಒಳ್ಳೆಯ ಮನೆತನ, ಸರ್ಕಾರಿ ಕಚೇರಿಯಲ್ಲಿ ಕೆಲಸ. ಸೊಸೆಯನ್ನು ಕೆಲಸಕ್ಕೆ ಕಳಿಸುವ ಪದ್ಧತಿ ಮಾತ್ರ ನಮ್ಮಲ್ಲಿಲ್ಲ ಎಂದು ಹುಡುಗನ ತಾಯಿ ಮೊದಲೇ ಹೇಳಿದರು. ಅಪ್ಪ ಹೂಂ ಎಂದರು. ನಾನು ಬಾಗಿಲ ಹಿಂದೆ ನಿಂತು ಆ ಹೂಂ ಕೇಳಿಸಿಕೊಂಡೆ.

ನಾವು ಮನೆ ಕಟ್ಟಿಸಿಕೊಂಡು ಬಂದಾಗ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ರಸ್ತೆ ಇತ್ತು, ಓಡಾಡುವವರಿರಲಿಲ್ಲ. ಕತ್ತಲಾದರೆ ನರಿ ಕೂಗುತ್ತಿದ್ದವು. ಒಳ್ಳೇ ಕಾಡಿಗೆ ಹೋಗಿ ಸೇರಿಕೊಂಡಿರಿ ಎಂದು ಬಸವನಗುಡಿಯ ನೆಂಟರು ನಗುತ್ತಿದ್ದರು. ಮನೆಯಲ್ಲಿ ನಾವು ಮೂವರೇ, ಯಜಮಾನರು, ನಾನು, ನಮ್ಮತ್ತೆ. ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗನ್ನು ಹಣೆಯ ತನಕ ಎಳೆದುಕೊಂಡು ಒಬ್ಬನೇ ಮಗನನ್ನು ಸಾಕಿದವರು. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ತಾವಾಗಿಯೇ ಅಡಿಗೆಮನೆಯೊಳಕ್ಕೆ ಸರಿದು ಗೋಡೆಯ ಮರೆಗೆ ನಿಲ್ಲುತ್ತಿದ್ದರು. ವಿಧವೆ ಎದುರಿಗೆ ಬರಬಾರದಲ್ಲ. ಇದನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆಕೆಗೆ ಮಾತ್ರ ಯಾರೂ ಹೇಳಬೇಕಾಗಿರಲಿಲ್ಲ, ಹೊರಗೆ ಚಪ್ಪಲಿ ಮೆಟ್ಟುವ ಸದ್ದಾದರೆ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತಿತ್ತು.

ಎರಡು ಸಲ ಬಸಿರಾದೆ. ಎರಡು ಸಲವೂ ಮಗು ಕೈಗೆ ಬರಲಿಲ್ಲ. ಎರಡನೆಯದು ಏಳು ತಿಂಗಳು ಹೊಟ್ಟೆಯಲ್ಲಿ ಉಳಿದು, ಇನ್ನೇನು ಎಂದು ಎಲ್ಲರಿಗೂ ಆಸೆ ಹುಟ್ಟಿಸಿ ಹೋಯಿತು. ಅತ್ತೆ ಹರಕೆ ಹೊರದ ದೇವರಿರಲಿಲ್ಲ. ಬನಶಂಕರಿ ಗುಡಿಗೆ ಬಿಸಿಲಲ್ಲಿ ನನ್ನನ್ನು ನಡೆಸಿಕೊಂಡು ಹೋಗುತ್ತಿದ್ದರು, ಒಂದೊಂದು ವಾರ ಉಪವಾಸ ತಾವೇ ಮಾಡುತ್ತಿದ್ದರು. ಹೀಗೆ ವರ್ಷಗಳು ಹೋದವು. ನನಗೆ ಮೂವತ್ತು ದಾಟಿ ನಾಲ್ಕೈದು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ, ಮೊರದಲ್ಲಿ ಬೇಳೆ ಆರಿಸುತ್ತಿದ್ದವರು ತಲೆ ಎತ್ತದೆ ಮಾತು ತೆಗೆದರು. ದೇವರನ್ನು ಕೇಳಿದ್ದು ಸಾಕು, ನೀನು ಮೇಡಂ ಆಗಬೇಕು ಅಂತಿದ್ದೆಯಂತಲ್ಲ, ಅದೇನು ಓದಬೇಕೋ ಓದು, ಹೋಗಿ ಮಕ್ಕಳ ಮಧ್ಯೆ ಇರು ಎಂದರು. ಪದ್ಧತಿಯಿಲ್ಲ ಎಂದಿದ್ದ ಬಾಯಿಯೂ ಅದೇ. ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು.

ಬೆಂಗಳೂರಿಗೆ ಆಗ ಸ್ವಂತದ್ದೊಂದು ವಿಶ್ವವಿದ್ಯಾನಿಲಯವಿರಲಿಲ್ಲ. ಪರೀಕ್ಷೆ, ಪದವಿ ಎಲ್ಲ ಮೈಸೂರಿನದು. ಬಿ.ಟಿ. ಹೋಗಿ ಬಿ.ಎಡ್. ಬಂದಿತ್ತು, ಜನರ ಬಾಯಲ್ಲಿ ಮಾತ್ರ ಅದಿನ್ನೂ ಬಿ.ಟಿ.ಯೇ. ಮೊದಲ ದಿನ ಕಾಲೇಜಿನ ಬಾಗಿಲಲ್ಲಿ ಜವಾನ ಸ್ಟೂಲಿನಿಂದ ಎದ್ದು ಕೈಮುಗಿದು ಸ್ಟಾಫ್ ರೂಮಿನ ದಾರಿ ತೋರಿಸಿದ. ನಾನು ಕ್ಲಾಸಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಮಾರನೆಯ ದಿನದಿಂದ ಅವನು ಏಳಲಿಲ್ಲ. ಜೊತೆಯ ಹುಡುಗಿಯರೆಲ್ಲ ಇಪ್ಪತ್ತರ ಆಸುಪಾಸಿನವರು. ಅಕ್ಕ, ಅಕ್ಕ ಎಂದು ನನ್ನ ಡಬ್ಬಿಯ ಚಿತ್ರಾನ್ನ ಖಾಲಿ ಮಾಡುತ್ತಿದ್ದರು. ಒಲೆಯ ಮುಂದೆ ಕಳೆದ ಅಷ್ಟು ವರ್ಷಗಳಲ್ಲಿ ನನ್ನ ತಲೆಗೆ ತುಕ್ಕು ಹಿಡಿದಿತ್ತು, ಒಂದು ಪುಟ ಓದಿ ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಮರೆತುಹೋಗುತ್ತಿತ್ತು. ಮನಶ್ಶಾಸ್ತ್ರದ ಕ್ಲಾಸಿನಲ್ಲಿ ತಾಯಿ ಮಗುವಿನ ಮಾತು ಬಂದರೆ ಮೇಷ್ಟ್ರೂ ಸೇರಿ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು, ಇವರಿಗೆ ಗೊತ್ತಿರುತ್ತದೆ ಎನ್ನುವ ಹಾಗೆ. ನಾನು ಪುಸ್ತಕ ನೋಡುತ್ತಾ ಕೂತಿರುತ್ತಿದ್ದೆ.

ಆದರೆ ಅಭ್ಯಾಸದ ಪಾಠಗಳು ಶುರುವಾಗಿ, ನಿಜವಾದ ಶಾಲೆಯ ನಿಜವಾದ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತ ದಿನ ನನಗೆ ಗೊತ್ತಾಯಿತು, ನಾನು ಬರಬೇಕಾಗಿದ್ದ ಜಾಗ ಇದೇ ಎಂದು. ಸಂಜೆ ಬಸ್ಸಿಳಿದು ಮನೆಗೆ ಬಂದರೆ ನಾನು ಮೈಲಿಗೆ. ಸೀರೆ ಬದಲಾಯಿಸಿ, ಮೊಣಕೈ ತನಕ ಹತ್ತಿದ ಸುಣ್ಣದ ಪುಡಿ ತೊಳೆಯುವ ತನಕ ಅಡಿಗೆಮನೆಯ ಹೊಸಿಲು ದಾಟುವಂತಿರಲಿಲ್ಲ, ಅತ್ತೆಯನ್ನು ಮುಟ್ಟುವ ಮಾತಂತೂ ಇಲ್ಲವೇ ಇಲ್ಲ. ಅವರು ಒಳಗಿನಿಂದಲೇ ಕೇಳುತ್ತಿದ್ದರು.

"ಮುಗೀತೇನಮ್ಮ ಪಾಠ?"

ಮುಗೀತು ಅತ್ತೆ, ಎನ್ನುತ್ತಿದ್ದೆ. ಆಗ ಕಾಫಿಯ ಲೋಟ ಹೊಸಿಲಿನ ಮೇಲೆ ಬರುತ್ತಿತ್ತು. ಯಾವ ಮಗು ಏನು ಕೇಳಿತು, ಯಾವುದು ತೂಕಡಿಸಿತು, ಯಾವುದಕ್ಕೆ ಜ್ವರ, ಎಲ್ಲ ಒಪ್ಪಿಸಬೇಕು. ಮಾರನೆಯ ದಿನ ಆ ಜ್ವರದ ಮಗು ಬಂದಿತ್ತೇ ಎಂದು ನೆನಪಿಟ್ಟು ಕೇಳುತ್ತಿದ್ದರು. ಮನೆಯಲ್ಲಿ ಮಕ್ಕಳಿಲ್ಲದ ನಮಗಿಬ್ಬರಿಗೂ ಆ ವರ್ಷ ಮನೆ ತುಂಬ ಮಕ್ಕಳು.

ಅಪ್ಪನಿಗೆ ವಿಷಯ ತಿಳಿದಾಗಿನಿಂದ ಅವರು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಬೆಳಗಿನ ಪೂಜೆ ಮುಗಿಸಿ, ಸಂಜೆಯದನ್ನು ತಮ್ಮನಿಗೆ ಒಪ್ಪಿಸಿ, ಗಾಡಿ ಸಿಕ್ಕಿದರೆ ಗಾಡಿಯಲ್ಲಿ, ಇಲ್ಲದಿದ್ದರೆ ಕಾಲ್ನಡಿಗೆಯಲ್ಲಿ ಬಂದುಬಿಡುತ್ತಿದ್ದರು. ಪಂಚೆಯ ತುದಿಯಲ್ಲಿ ಅವರೆಕಾಯಿಯೋ ದೇವರ ಪ್ರಸಾದವೋ ಇರುತ್ತಿತ್ತು. ನನ್ನ ಪಾಠದ ಚಿತ್ರಗಳನ್ನು ನೆಲದ ಮೇಲೆ ಹರವಿಕೊಂಡು, ಬಣ್ಣ ಹಾಕಿದ್ದೆಲ್ಲ ನಾನೇ ಎಂದು ಕೇಳಿ ತಿಳಿದು ಸಂತೋಷಪಡುತ್ತಿದ್ದರು.

ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ನನಗೆ ಬಂದ ಪಾಠ, ಸೂರ್ಯನ ನೆರಳು ನೋಡಿ ಹೊತ್ತು ತಿಳಿಯುವುದು. ಮೈಸೂರಿನಿಂದ ಪರೀಕ್ಷಕರು ಬಂದು ಹಿಂದೆ ಕೂತು ನೋಡುತ್ತಾರೆ. ನಮ್ಮ ಸರದಿಯ ದಿನ ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಪಾಠ ಯಾವುದೆಂದು ಕೇಳಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೀವಮಾನದಲ್ಲಿ ಕೈಗೆ ಗಡಿಯಾರ ಕಟ್ಟದೆ, ದೇವಸ್ಥಾನದ ಮುಂದಿನ ಕಲ್ಲುಕಂಬದ ನೆರಳು ನೋಡಿಯೇ ಗಂಟೆ ಬಾರಿಸಿದವರು. ಪರೀಕ್ಷೆಗೆ ಮುಂಚಿನ ಭಾನುವಾರ, ನಾನೇ ನಿನ್ನ ಕಂಬ ಆಗುತ್ತೇನೆ ಎಂದು ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಬರಿಮೈಯಲ್ಲಿ ನಿಂತುಬಿಟ್ಟರು. ನಾನು ಸೀಮೆಸುಣ್ಣದಲ್ಲಿ ಅವರ ನೆರಳಿನ ತುದಿಗೆ ಗೆರೆ ಎಳೆಯುವುದು, ಪಾಠದ ಮಾತು ಹೇಳುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗೆರೆ ಎಳೆಯುವುದು. ಅತ್ತೆ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಾ, ಪಾಪ, ಅವರನ್ನು ಒಣಗಿಸಬೇಡ ಎಂದರು. ನೆರಳು ಪಾದದ ಹತ್ತಿರ ಬಂದ ಹೊತ್ತಿಗೆ ಅಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಹೊಟ್ಟೆಯ ವಾಯು ಎಂದರು. ಅತ್ತೆ ಜೀರಿಗೆ ಹಾಕಿ ಕುದಿಸಿದ ನೀರು ಕೊಟ್ಟರು. ಕುಡಿದು, ಒಂದಷ್ಟು ಹೊತ್ತು ಮಲಗಿ, ಸರಿಹೋಯಿತು ಎಂದು ಎದ್ದರು.

ಹೊರಡುವಾಗ ಗೇಟಿನ ಹತ್ತಿರ ನಿಂತು, ನನ್ನ ಮುಖ ನೋಡದೆ, ರಸ್ತೆ ನೋಡುತ್ತಾ ಹೇಳಿದರು. "ಅವತ್ತು ನಾನು ಹೂಂ ಅನ್ನಬಾರದಾಗಿತ್ತು ಕಣಮ್ಮ. ಈ ಸಲ ಮಾತ್ರ ಬಿಡಬೇಡ."

ನಾನು ನಕ್ಕು, ಹೋಗಿ ಬನ್ನಿ, ಜೋಪಾನ ಎಂದೆ. ಆಮೇಲೆ ಆ ಬಾಯಿಂದ ಒಂದು ಮಾತೂ ನಾನು ಕೇಳಲಿಲ್ಲ.

ಪರೀಕ್ಷೆಯ ದಿನ ಬೆಳಕು ಹರಿಯುವ ಮುಂಚೆ ಗೇಟಿನ ಚಿಲಕದ ಸದ್ದಾಯಿತು. ಅತ್ತೆ ಮುಂದಿನ ನಲ್ಲಿಯಲ್ಲಿ ಮಡಿನೀರು ಹಿಡಿಯುತ್ತಿದ್ದರು. ಯಾರು ಎಂದು ನಾನು ಒಳಗಿನಿಂದ ಕೇಳಿದೆ. ಹಾಲಿನವನು ಎಂದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಯಜಮಾನರು ಹೊರಟುಹೋಗಿದ್ದರು. ಕಚೇರಿಯಲ್ಲಿ ತುರ್ತು ಕೆಲಸವಂತೆ ಎಂದರು ಅತ್ತೆ. ನನ್ನ ತಲೆಯಲ್ಲಿ ಕೋಲು, ನೆರಳು, ಪ್ರಶ್ನೆಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಅತ್ತೆ ಒಂದು ಬಟ್ಟಲಲ್ಲಿ ಮೊಸರು ಸಕ್ಕರೆ ಹೊಸಿಲಿನ ಮೇಲಿಟ್ಟು ಒಳಕ್ಕೆ ಸರಿದರು. ನಾನು ತಿಂದು, ಬರ್ತೀನಿ ಅತ್ತೆ ಎಂದೆ. ಹೂಂ ಎಂಬ ಸದ್ದು ಬಂತು, ಮುಖ ಕಾಣಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟಾಗ ಎಂದೂ ಕಾಣದ ಮುಖ ಅವತ್ತೂ ಕಾಣಲಿಲ್ಲವೆಂದು ಅನುಮಾನಪಡುವುದು ಹೇಗೆ?

ಪಾಠ ಚೆನ್ನಾಗಾಯಿತು. ಇದನ್ನು ಬರೆಯುವುದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ, ಆದರೆ ಅದು ನನ್ನ ಬದುಕಿನ ಅತ್ಯುತ್ತಮ ಪಾಠ. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಕೋಲು ನೆಟ್ಟು ನೆರಳು ತೋರಿಸಿದೆ. ಗಡಿಯಾರವಿಲ್ಲದ ನಮ್ಮಪ್ಪನ ಕಥೆ ಹೇಳಿದೆ. ಕಲ್ಲುಕಂಬದ ನೆರಳು ಎಲ್ಲಿಗೆ ಬಂದರೆ ಬೆಳಗಿನ ಪೂಜೆ, ಎಲ್ಲಿಗೆ ಬಂದರೆ ಮಂಗಳಾರತಿ, ಎಲ್ಲಿಗೆ ಬಂದರೆ ಬಾಗಿಲು ಹಾಕುವುದು, ಎಲ್ಲ ಹೇಳಿದೆ. ಮುಂದೆ ನಿಂತಿದ್ದ ಎರಡು ಜಡೆಯ ಹುಡುಗಿ ಕೈ ಎತ್ತಿ, ಹಾಗಾದರೆ ನಿಮ್ಮಪ್ಪ ಈಗೇನು ಮಾಡುತ್ತಿರುತ್ತಾರೆ ಮಿಸ್ ಎಂದು ಕೇಳಿತು. ನಾನು ಕೋಲಿನ ನೆರಳು ನೋಡಿದೆ. ಕೈಯಲ್ಲಿ ಮುಕ್ಕಾಲು ಮೊಳ ಅಳೆದು ತೋರಿಸಿ, ಈಗ ಮಂಗಳಾರತಿ ಎತ್ತುತ್ತಿರುತ್ತಾರೆ, ಕಿವಿಯಿಟ್ಟು ಕೇಳಿದರೆ ಗಂಟೆ ಕೇಳಿಸಿದರೂ ಕೇಳಿಸಬಹುದು ಎಂದೆ. ಮಕ್ಕಳು ನಿಜವಾಗಿಯೂ ಸುಮ್ಮನಾಗಿ ಕಿವಿಗೊಟ್ಟರು. ಪರೀಕ್ಷಕರು ನಸುನಕ್ಕು ಏನೋ ಬರೆದುಕೊಂಡರು.

ಊರಲ್ಲಿ ಹೆಣವಿದ್ದರೆ ದೇವಸ್ಥಾನದ ಬಾಗಿಲು ತೆಗೆಯುವಂತಿಲ್ಲ. ಆ ಹೊತ್ತಿನಲ್ಲಿ ಉತ್ತರಹಳ್ಳಿಯ ಗುಡಿಗೆ ಬೀಗ ಬಿದ್ದಿತ್ತು. ಬಾಗಿಲು ತೆಗೆಯಬೇಕಾದವರು ಜಗಲಿಯ ಮೇಲೆ ಮಲಗಿದ್ದರು. ಅಕ್ಕ ಬಂದೇ ಬರುತ್ತಾಳೆ, ಅವಳು ಮುಖ ನೋಡಲಿ ಎಂದು ತಮ್ಮ ಎಲ್ಲರನ್ನೂ ತಡೆದು ಕಾಯಿಸುತ್ತಿದ್ದ. ಕಂಬದ ನೆರಳು ಕಂಬದ ಬುಡಕ್ಕೆ ಬರುವ ತನಕ ಕಾದು, ಇನ್ನು ಇಡಬಾರದು ಎಂದು ಹಿರಿಯರು ಹೇಳಿದ ಮೇಲೆ ಎತ್ತಿದರಂತೆ.

ನಾನು ಬಸ್ಸಿಳಿದು ಹಗುರವಾಗಿ ನಡೆದುಕೊಂಡು ಬಂದೆ. ಪರೀಕ್ಷಕರು ಕೊನೆಗೆ, ನೀವು ಎಷ್ಟು ವರ್ಷದಿಂದ ಪಾಠ ಮಾಡುತ್ತಿದ್ದೀರಿ ಎಂದು ಕೇಳಿದ್ದರು. ಭಾನುವಾರ ಅಪ್ಪನಿಗೆ ಅದನ್ನು ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಮನೆಯ ಪಕ್ಕದ ಸಂದಿಯಿಂದ ಹಿತ್ತಲು ಕಂಡಿತು. ಯಜಮಾನರು ಆ ಹೊತ್ತಲ್ಲದ ಹೊತ್ತಿನಲ್ಲಿ ಉಟ್ಟ ಪಂಚೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಮುಂಬಾಗಿಲಿನಲ್ಲಿ ಅತ್ತೆ ನಿಂತಿದ್ದರು. ಯಾರ ಎದುರಿಗೂ ಬಾರದ ಅತ್ತೆ ನನ್ನ ದಾರಿ ಕಾಯುತ್ತಾ ನಡುಬಾಗಿಲಲ್ಲಿ ನಿಂತಿದ್ದರು.

"ಮುಗೀತೇನಮ್ಮ ಪಾಠ?"

"ಮುಗೀತು ಅತ್ತೆ. ಚೆನ್ನಾಗಾಯ್ತು."

"ಪೂರ್ತಿ ಮುಗೀತಾ? ಇನ್ನೊಂದ್ಸಲ ಕರೆಯಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಹೋಗಿ ತಲೆ ಮೇಲೆ ನೀರು ಹಾಕ್ಕೋಮ್ಮ."

ನಮ್ಮ ಮನೆಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಈ ಮಾತು ಹೇಳಿದರೆ ಅದಕ್ಕೆ ಒಂದೇ ಅರ್ಥ. ಯಾರು ಎಂದು ಕೇಳಿದೆ. ಅತ್ತೆ ಊರಿನ ಹೆಸರು ಮಾತ್ರ ಹೇಳಿದರು. ಅಷ್ಟರಿಂದಲೇ ಆ ಬೆಳಗಿನ ಗೇಟಿನ ಸದ್ದು, ಹಾಲಿನವನು, ತುರ್ತು ಕೆಲಸ, ಎಲ್ಲ ಒಂದರ ಹಿಂದೊಂದು ನನಗೆ ತಿಳಿಯುತ್ತಾ ಹೋಯಿತು. ಊರಿನಿಂದ ಬಂದವನನ್ನು ಗೇಟಿನಲ್ಲೇ ತಡೆದು, ಮಗನನ್ನು ಮಾತ್ರ ಅವನ ಜೊತೆ ಕಳಿಸಿ, ನನಗೆ ಮೊಸರು ಸಕ್ಕರೆ ತಿನ್ನಿಸಿದ್ದರು. ಮದುವೆಯಾದ ಮಗಳಿಗೆ ಮೂರು ದಿನದ ಸೂತಕ. ಕಿವಿಗೆ ಬಿದ್ದಿದ್ದರೆ ನಾನು ಹೊಸಿಲು ದಾಟುತ್ತಿದ್ದದ್ದು ಉತ್ತರಹಳ್ಳಿಗೆ, ಕಾಲೇಜಿಗಲ್ಲ.

ನಾನು ಏನೇನು ಅಂದೆನೋ ನೆನಪಿಲ್ಲ. ನಿಮಗೆ ಹೆಣ್ಣುಮಕ್ಕಳಿದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದದ್ದು ನೆನಪಿದೆ. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. "ಎರಡು ಸಲ ಕೈಗೆ ಬರಬೇಕಾದದ್ದು ಹೋಯ್ತು. ಇದೂ ಹೋಗೋದು ಬೇಡ ಅನ್ನಿಸ್ತು. ನಂಗೆ ಬೇರೇನೂ ತೋಚ್ಲಿಲ್ಲ" ಎಂದರು. ಯಜಮಾನರು ಒದ್ದೆ ಪಂಚೆಯಲ್ಲಿ ಹಿಂದೆ ಬಂದು ನಿಂತಿದ್ದರು. ಎಂದಿನಂತೆ ಒಂದು ಮಾತೂ ಆಡಲಿಲ್ಲ.

ಜಟಕಾ ಗಾಡಿ ಮಾಡಿಕೊಂಡು ಉತ್ತರಹಳ್ಳಿಗೆ ಹೋದಾಗ ಸಂಜೆಯಾಗಿತ್ತು. ಜಗಲಿ ತೊಳೆದು ಆಗಿತ್ತು. ಅಪ್ಪ ಮಲಗಿದ್ದ ಜಾಗದಲ್ಲಿ ಒಂದು ದೀಪ ಉರಿಯುತ್ತಿತ್ತು. ತಮ್ಮ ತಲೆ ಬೋಳಿಸಿಕೊಂಡು ಗೋಡೆಗೆ ಒರಗಿ ಕೂತಿದ್ದ. ನಾನು ಹತ್ತಿರ ಹೋದರೂ ಏಳಲಿಲ್ಲ.

"ಪರೀಕ್ಷೆ ಚೆನ್ನಾಗಾಯ್ತಾ ಅಕ್ಕ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ ಎಂದೆ. ಸುದ್ದಿ ಒಯ್ದವನು ಬೆಳಿಗ್ಗೆಯೇ ಮನೆಯಲ್ಲಿ ಹೇಳಿ ಬಂದಿದ್ದಾನಲ್ಲ ಎಂದ. ಅವಳಿಗೆ ಹೇಳಿಲ್ಲ ಎಂದು ನಮ್ಮ ಯಜಮಾನರು ಅಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದರಂತೆ. ಹೆಂಡತಿಯ ಮಾನ ಉಳಿಸಲು ಭಾವ ಸುಳ್ಳು ಹೇಳುತ್ತಿದ್ದಾರೆ ಎಂದೇ ಅವನು ತಿಳಿದುಕೊಂಡ. ಅರ್ಚಕರ ಮಗಳಿಗೆ ಅಪ್ಪನಿಗಿಂತ ಪರೀಕ್ಷೆ ದೊಡ್ಡದಾಯಿತು ಎಂಬ ಮಾತು ಊರಲ್ಲಿ ಹುಟ್ಟಿತು. ಆಡುವವರ ಬಾಯಿಗೆ ಅಗುಳಿಯೇ? ಆ ಮಾತು ನಾನು ಬಾವಿಗೆ ಹೋದರೆ ಬಾವಿಕಟ್ಟೆಯಲ್ಲಿರುತ್ತಿತ್ತು, ಒಳಗೆ ಬಂದರೆ ಪಡಸಾಲೆಯಲ್ಲಿರುತ್ತಿತ್ತು. ತಮ್ಮ ಬದುಕಿರುವ ತನಕ ನನ್ನ ಜೊತೆ ಮಾತಾಡಿದ, ಹಬ್ಬಕ್ಕೆ ಕರೆದ, ಎಲ್ಲ ಸರಿಯಾಗಿ ಮಾಡಿದ. ನನ್ನ ಮಾತನ್ನು ಮಾತ್ರ ನಂಬಲಿಲ್ಲ.

ಮೂರು ದಿನ ಕಳೆದು ಮನೆಗೆ ಬಂದ ಮೇಲೆ ಅತ್ತೆ ಇನ್ನೊಂದು ಮಾತು ಹೇಳಿದರು. ಆ ಭಾನುವಾರ ಜೀರಿಗೆ ನೀರು ಕುಡಿಯುವಾಗ ಅಪ್ಪನೇ ಅವರಿಗೆ ಹೇಳಿದ್ದರಂತೆ, ನನಗೇನಾದರೂ ಹೆಚ್ಚುಕಮ್ಮಿ ಆದರೆ ಪರೀಕ್ಷೆ ಮುಗಿಯುವ ತನಕ ಅವಳ ಕಿವಿಗೆ ಹಾಕಬೇಡಿ ಎಂದು. ಅದು ನಿಜವೇ ಆಗಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸತ್ತವರ ಮೇಲೆ ಹಾಕಿ ತಪ್ಪಿಸಿಕೊಳ್ಳಬಾರದು ಅನ್ನಿಸಿತು ಎಂದರು. ಅಪ್ಪ ಹಾಗೆ ಹೇಳಿರಬಹುದು. ತಲಘಟ್ಟಪುರದ ಮದುವೆಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಹೇಳದೆಯೂ ಇರಬಹುದು, ಅತ್ತೆ ನನ್ನ ಸಮಾಧಾನಕ್ಕೆ ಕಟ್ಟಿದ ಮಾತೂ ಆಗಿರಬಹುದು. ಈ ಎರಡರ ನಡುವೆ ನಾನು ಎಷ್ಟೋ ವರ್ಷ ಓಡಾಡಿದ್ದೇನೆ. ಅಪ್ಪ ಹೇಳಿದ್ದೇ ನಿಜವಾದರೆ ಅವರ ಮೇಲೆಯೇ ನನಗೆ ಸಿಟ್ಟು. ನನ್ನ ಪರೀಕ್ಷೆಗೆ ಅವರು ಬೆಲೆ ಕಟ್ಟಿದರು, ನಾನು ಕೊನೆಗೊಮ್ಮೆ ಅವರ ಮುಖ ನೋಡುವುದಕ್ಕೆ ಮಾತ್ರ ಅವರು ಬೆಲೆ ಕಟ್ಟಲಿಲ್ಲ.

ತೇರ್ಗಡೆಯಾದೆ. ಸಿದ್ದಾಪುರದ ಹತ್ತಿರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಒಳ್ಳೆಯ ಟೀಚರ್ ಎಂದು ಹೆಸರು ಬಂತು, ಸುಳ್ಳು ವಿನಯ ಯಾಕೆ, ನಾನು ಒಳ್ಳೆಯ ಟೀಚರೇ. ನೆರಳಿನ ಪಾಠ ಬಂದ ದಿನ ಮಾತ್ರ ಪಕ್ಕದ ಕ್ಲಾಸಿನ ಟೀಚರನ್ನು ಕಳಿಸಿ ಅವರ ಲೆಕ್ಕದ ಪಾಠ ನಾನು ಮಾಡುತ್ತಿದ್ದೆ. ಮನೆಯಲ್ಲಿ ಅತ್ತೆಯೂ ನಾನೂ ಉಪ್ಪು ಹುಳಿಯ ಮಾತು ಬಿಟ್ಟರೆ ಬೇರೆ ಆಡುತ್ತಿರಲಿಲ್ಲ. ಸಂಜೆ ಬಂದರೆ ಕಾಫಿಯ ಲೋಟ ಹೊಸಿಲಿನ ಮೇಲೆ ಸಿದ್ಧವಾಗಿರುತ್ತಿತ್ತು. ಆ ಒಂದು ಪ್ರಶ್ನೆಯನ್ನು ಆಕೆ ಮತ್ತೆ ಕೇಳಲಿಲ್ಲ, ನಾನೂ ಮಕ್ಕಳ ಸುದ್ದಿ ಹೇಳಲಿಲ್ಲ. ಕೆಲವು ಸಂಜೆ ಗೋಡೆಯ ಆಚೆ ಕಿವಿಗೊಟ್ಟು ಕೂತಿರುತ್ತಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಆದರೂ ಹೇಳಲಿಲ್ಲ.

ಜಯನಗರದಲ್ಲಿ ಸೈಟಿನ ಕಲ್ಲುಗಳು ಮಾಯವಾಗಿ ಸಾಲು ಮನೆಗಳು ಎದ್ದಿದ್ದವು, ನರಿಗಳೂ ಜಾಗ ಖಾಲಿ ಮಾಡಿದ್ದವು. ಅಷ್ಟು ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದಿದ್ದರು. ಒಂದು ಬೆಳಿಗ್ಗೆ ನಾನು ಬೋರ್ಡಿನ ಮೇಲೆ ನದಿಗಳ ಹೆಸರು ಬರೆಯುತ್ತಿದ್ದೆ. ಶಾಲೆಯ ಆಯಾ ಬಾಗಿಲಿಗೆ ಬಂದು, ನಿಮ್ಮ ಯಜಮಾನರು ಗೇಟಿನ ಹತ್ತಿರ ನಿಂತಿದ್ದಾರೆ ಎಂದಳು. ಬರೆಯುತ್ತಿದ್ದ ಹೆಸರನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಆ ಮೌನಿ ಮನುಷ್ಯ ಅವತ್ತು ಮಾತಾಡಿದರು. ಅತ್ತೆ ಹಿಂದಿನ ವಾರವೇ ಅವರಿಂದ ಮಾತು ತೆಗೆದುಕೊಂಡಿದ್ದರಂತೆ. ನನ್ನದನ್ನು ಮುಚ್ಚಿಡಬೇಡ, ಪಾಠದ ನಡುವೆ ಆದರೂ ಸರಿ, ಜೀವ ಇರುವಾಗಲೇ ಅವಳನ್ನು ಕರೆಸು ಎಂದು.

ಮನೆಗೆ ಬಂದು ನೇರ ಅವರ ಹಾಸಿಗೆಯ ಹತ್ತಿರ ಹೋದೆ. ಸೀರೆ ಬದಲಾಯಿಸಲಿಲ್ಲ, ಕಾಲು ತೊಳೆಯಲಿಲ್ಲ. ಮೈಲಿಗೆ ಎಂದು ಅವರೂ ಅನ್ನಲಿಲ್ಲ. ಸೀಮೆಸುಣ್ಣ ಹತ್ತಿದ ನನ್ನ ಕೈಯನ್ನು ತಾವೇ ಎಳೆದು ಹಿಡಿದುಕೊಂಡರು. ಶಾಲೆಯಿಂದ ಬಂದ ನನ್ನನ್ನು ಅವರು ಮುಟ್ಟಿದ್ದು ಅದೇ ಮೊದಲು. ತುಟಿ ಅಲುಗಿತು, ನಾನು ಬಗ್ಗಿದೆ.

"ಮುಗೀತೇನಮ್ಮ ಪಾಠ?"

"ಇಲ್ಲ ಅತ್ತೆ. ಅರ್ಧಕ್ಕೇ ಬಿಟ್ಟು ಬಂದೆ."

ಒಳ್ಳೇದಾಯ್ತು ಎಂದರು. ಕಣ್ಣಿನ ಅಂಚಿನಲ್ಲಿ ನೀರು ಬಂದು ಕಿವಿಯ ಕಡೆಗೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟರು. ಕೊನೆಯ ತನಕ ನನ್ನ ಕೈ ಅವರ ಕೈಯಲ್ಲೇ ಇತ್ತು.

ಅವರಿಗೆ ಹತ್ತು ದಿನ ಸೂತಕ ಹಿಡಿದೆ. ಹೆತ್ತ ಅಪ್ಪನಿಗೆ ಮೂರೇ ದಿನ, ಅದೂ ಚಿತೆ ಆರಿದ ಮೇಲೆ ಶುರುವಾದ ಲೆಕ್ಕ. ಅತ್ತೆಯನ್ನು ಕ್ಷಮಿಸಿದೆನೋ ಇಲ್ಲವೋ, ಇಷ್ಟು ವರ್ಷದ ಮೇಲೂ ಹೇಳಲಾರೆ. ಆದರೆ ಅರ್ಧಕ್ಕೇ ಬಿಟ್ಟು ಬಂದೆ ಎಂಬ ಆ ಮಾತನ್ನು ನಾನು ಆಡಬೇಕಾಗಿದ್ದದ್ದು ಉತ್ತರಹಳ್ಳಿಯ ಜಗಲಿಯ ಮೇಲೆ, ನೆರಳು ಕಂಬದ ಬುಡಕ್ಕೆ ಬರುವ ಮುಂಚೆ.